ಕಿಮೋನೋ ಆಮೇಲೆ, ಮೊದಲು ಬಿಳಿ ಸಾಕ್ಸ್ ತಗೊಳ್ಳಿ

ಟೋಕಿಯೋಗೆ ಬಂದು ಎರಡು ತಿಂಗಳಾಯಿತು, ಟೀ ಸೆರೆಮನಿ, ಕಬುಕಿ ನಾಟಕ ಎಲ್ಲ ನೋಡಬೇಕು, ಕಿಮೋನೋ ಸಮೇತ ಒಂದು ದಿನದ ಪ್ಯಾಕೇಜ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಾಲ್ಕು ದಿನ ಸುತ್ತಾಡಿ ಹೋಗುವವರಿಗೆ ಅದು ಸರಿ. ನೀವು ಇಲ್ಲೇ ಮನೆ ಮಾಡಿದವರು, ದುಡ್ಡು ಸುಮ್ನೆ ಯಾಕೆ ಸುರೀತೀರಿ?

ನಿಮ್ಮ ವಾರ್ಡಿನ ಸುದ್ದಿಪತ್ರಿಕೆ ತೆಗೆದು ನೋಡಿ. ಸಮುದಾಯ ಭವನದಲ್ಲಿ ಚಹಾ, ಇಕೆಬಾನಾ ಅಂದರೆ ಹೂ ಜೋಡಣೆ, ಶೋದೋ ಅಂದರೆ ಬ್ರಷ್ಷಿನ ಬರಹ, ಇಂಥವನ್ನು ಕಲಿಯುವ ಗುಂಪುಗಳ ಪ್ರಕಟಣೆ ಇರುತ್ತದೆ. ನಾನು ಚಹಾ ಗುಂಪಿಗೆ ಸೇರಿದ್ದು ಹಾಗೆಯೇ. ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು. ನನ್ನ ಹರಕು ಜಪಾನಿ ಭಾಷೆ ಸುಧಾರಿಸಿದ್ದು ಅವರಿಂದಲೇ.

ಮೊದಲ ದಿನ ಮಾತ್ರ ಮಾನ ಹೋಯಿತು. ನೆಲದ ಮೇಲೆ ಕೂತು ಉಂಡು ಬೆಳೆದವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಚಕ್ಕಳಮಕ್ಕಳ ಬೇರೆ, ಮಂಡಿಯೂರಿ ಹಿಮ್ಮಡಿ ಮೇಲೆ ಕೂರುವ ಸೇಇಜಾ ಬೇರೆ. ಹತ್ತೇ ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಏಳಲು ಹೋಗಿ ತತಾಮಿ ಚಾಪೆ ಮೇಲೆ ಮುಗ್ಗರಿಸಿದೆ. ಅಜ್ಜಿಯೊಬ್ಬರು ನಗುತ್ತಾ ಸಣ್ಣ ಸ್ಟೂಲ್ ತಂದುಕೊಟ್ಟರು. ನೀವು ಮೊದಲೇ ಕೇಳಿಬಿಡಿ, ಯಾರೂ ತಪ್ಪು ತಿಳಿಯಲ್ಲ. ಉಂಗುರ, ವಾಚು ತೆಗೆದಿಡಿ, ಚಹಾ ಬಟ್ಟಲಿಗೆ ಗೀರು ಬೀಳಬಾರದಲ್ವಾ. ಬಿಳಿ ಸಾಕ್ಸ್ ಹಾಕಿ. ಚಾಪೆಯ ಅಂಚಿನ ಪಟ್ಟಿ ತುಳಿಯಬೇಡಿ.

ಮೊದಲು ಸಿಹಿ, ಆಮೇಲೆ ಮಾಚಾ, ಅಂದರೆ ಹಸಿರು ಚಹಾ ಪುಡಿ ಕದಡಿದ ಚಹಾ. ಸಿಹಿಯೊಳಗೆ ಹೆಚ್ಚಾಗಿ ಅಜುಕಿ ಕಾಳಿನ ಹೂರಣ. ಏಲಕ್ಕಿ ಇಲ್ಲ ಅನ್ನೋದು ಬಿಟ್ಟರೆ ನಮ್ಮ ಹೋಳಿಗೆ ಹೂರಣವೇ. ಬಟ್ಟಲಿನ ಚೆಂದದ ಬದಿ ನಿಮ್ಮ ಕಡೆ ಬರುವಂತೆ ಇಡುತ್ತಾರೆ. ಅಲ್ಲಿಗೇ ಬಾಯಿ ಹಚ್ಚಬಾರದು, ಸ್ವಲ್ಪ ತಿರುಗಿಸಿಕೊಂಡು ಕುಡಿಯಬೇಕು. ಕೊನೆಯ ಗುಟುಕನ್ನು ಸೊರ್ ಅಂತ ಸದ್ದು ಮಾಡಿ ಎಳೆಯಬೇಕು, ಕುಡಿದು ಮುಗಿಯಿತು ಅನ್ನೋ ಸೂಚನೆ ಅದು. ಊರಲ್ಲಿ ಇದಕ್ಕೇ ಬೈಸಿಕೊಳ್ಳುತ್ತಿದ್ದೆ!

ಕಬುಕಿಗೆ ಗಿಂಜಾದ ಕಬುಕಿಜಾ ರಂಗಮಂದಿರಕ್ಕೆ ಹೋಗಿ. ಇಡೀ ಆಟದ ಟಿಕೆಟ್ ಬೇಡ. ನಾಲ್ಕನೇ ಮಹಡಿಯಲ್ಲಿ ಕೂತು ಒಂದೇ ಅಂಕ ನೋಡುವ ಟಿಕೆಟ್ ಸಿಗುತ್ತದೆ, ಬಹಳ ಅಗ್ಗ. 1629ರಲ್ಲಿ ಹೆಂಗಸರು ರಂಗಕ್ಕೆ ಬರಬಾರದು ಅಂತ ಸರ್ಕಾರ ತಡೆದ ಮೇಲೆ ಗಂಡಸರೇ ಹೆಣ್ಣಿನ ಪಾತ್ರ ಮಾಡುತ್ತಾ ಬಂದಿದ್ದಾರೆ. ಯಕ್ಷಗಾನದ ಸ್ತ್ರೀವೇಷ ನೋಡಿದ್ದರೆ ನಿಮಗೆ ಅಷ್ಟೇನೂ ಹೊಸದಲ್ಲ. ನಟ ಕಣ್ಣು ಮೆಳ್ಳಗೆ ಮಾಡಿ ಗಕ್ಕನೆ ನಿಂತಾಗ ಮೇಲಿನ ಸೀಟಿನಿಂದ ಯಾರಾದರೂ ‘ನಾರಿತಾಯಾ!’ ಅಂತ ಅರಚಿದರೆ ಗಾಬರಿಯಾಗಬೇಡಿ. ಜಗಳವಲ್ಲ, ಅದು ನಟನ ಮನೆತನದ ಹೆಸರು. ಹುಮ್ಮಸ್ಸಿನಲ್ಲಿ ನೀವೂ ಕೂಗಿಬಿಡಬೇಡಿ ಮತ್ತೆ!