ಟ್ಯಾಂಕ್ ತೊಳೆಸೋರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಒಂದಕ್ಕೆ ಎರಡೇ ಸಾಲಿನ ಉತ್ತರ ಸಾಕು ಅಂದುಕೊಂಡು ಕೂತೆ. ಆಗಲಿಲ್ಲ. ಬರೆದವರು ಹಾವೇರಿ ಜಿಲ್ಲೆಯ ಹುಡುಗಿ, ಬಿ.ಎಸ್ಸಿ. ನರ್ಸಿಂಗ್ ಕೊನೇ ವರ್ಷ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ನನಗೆ ಕಮ್ಯುನಿಟಿ ಹೆಲ್ತ್ (ಸಮುದಾಯ ಆರೋಗ್ಯ) ಇಷ್ಟ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಪಿ.ಎಚ್. (ಪಬ್ಲಿಕ್ ಹೆಲ್ತ್‌ನಲ್ಲಿ ಸ್ನಾತಕೋತ್ತರ ಪದವಿ) ಮಾಡಿದರೆ ಅಲ್ಲೇ ನರ್ಸ್ ಕೆಲಸ ಗ್ಯಾರಂಟಿ ಅಂತ ಏಜೆಂಟರು ಹೇಳುತ್ತಾರೆ. ಎಲ್ಲ ಸೇರಿ 25 ಲಕ್ಷ. ಅಪ್ಪ ಎರಡು ಎಕರೆ ಅಡ ಇಡೋಕೆ ತಯಾರಿದ್ದಾರೆ. ಇಲ್ಲಿ ಕಲಿಯೋಕೆ ಏನೂ ಇಲ್ಲ ಸರ್. ಕಮ್ಯುನಿಟಿ ಪೋಸ್ಟಿಂಗಿನಲ್ಲಿ (ಹಳ್ಳಿಗೆ ಹೋಗಿ ಕಲಿಯುವ ತರಬೇತಿ) ನಾವು ಬರೀ ಸರ್ವೆ ಫಾರ್ಮ್ ತುಂಬಿದ್ವಿ. ಒಬ್ಬ ಅಜ್ಜಿಯಂತೂ ‘ವರ್ಷಾ ವರ್ಷಾ ಬಂದು ಬರಕೊಂಡು ಹೋಗ್ತೀರಿ, ಆ ನೀರಿನ ಟ್ಯಾಂಕ್ ತೊಳೆಸೋರು ಯಾರು?’ ಅಂತ ಬೈದು ಕಳಿಸಿದಳು. ಹೋಗಲಾ, ಬೇಡವಾ?"

ತಂಗಿ, ಮೊದಲು ದುಡ್ಡಿನ ಮಾತು ಮುಗಿಸೋಣ. ಎಂ.ಪಿ.ಎಚ್. ಓದಿದರೆ ಅಲ್ಲಿ ನರ್ಸ್ ಆಗುವುದಿಲ್ಲ. ಅದು ಬೇರೆ ದಾರಿ, ಇದು ಬೇರೆ ದಾರಿ. ನರ್ಸ್ ಆಗಿ ಕೆಲಸ ಮಾಡಬೇಕಾದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಇಂಗ್ಲಿಷ್ ಬರುತ್ತದೆ ಅಂತ ತೋರಿಸಬೇಕು, ಕಂಪ್ಯೂಟರ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಆಸ್ಕಿ ಎನ್ನುವ ಪ್ರಾಕ್ಟಿಕಲ್ ಪರೀಕ್ಷೆ. ಇದ್ಯಾವುದಕ್ಕೂ ಎಂ.ಪಿ.ಎಚ್. ಬೇಕಿಲ್ಲ. ಮನೆಮನೆಗೆ ಹೋಗಿ ತಾಯಿ ಮಗುವನ್ನು ನೋಡಿಕೊಳ್ಳುವ ಹೆಲ್ತ್ ವಿಸಿಟರ್ ಅಂತ ಒಂದು ಕೆಲಸ ಅಲ್ಲಿದೆ, ನಿಮ್ಮ ಮನಸ್ಸಿಗೆ ಹಿಡಿಸೋದು ಅದೇ ಇರಬೇಕು. ಅದಕ್ಕೂ ಮೊದಲು ಅಲ್ಲಿ ನೋಂದಾಯಿತ ನರ್ಸ್ ಅಥವಾ ಮಿಡ್‌ವೈಫ್ ಆಗಿ, ಆಮೇಲೆ ಬೇರೆ ಕೋರ್ಸ್ ಮಾಡಬೇಕು. ಹಾಗಾಗಿ ಆ "ಗ್ಯಾರಂಟಿ" ಸುಳ್ಳು. ಅಪ್ಪನ ಎರಡು ಎಕರೆ ಅದಕ್ಕೆ ಹೋಗಬಾರದು.

ಹೊರದೇಶಕ್ಕೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಲೈಬ್ರರಿ ಸಿಗುತ್ತದೆ. ರೋಗ ಎಲ್ಲಿ, ಎಷ್ಟು, ಯಾಕೆ ಹರಡಿತು ಅಂತ ಲೆಕ್ಕ ಹಾಕುವುದನ್ನು ಚೆನ್ನಾಗಿ ಕಲಿಸುತ್ತಾರೆ. ಹತ್ತು ದೇಶದವರ ಜೊತೆ ಕೂತು ಓದುವುದು ದೊಡ್ಡ ಅನುಭವ. ಅಷ್ಟು ಒಪ್ಪಿದೆ.

ಆದರೆ "ಇಲ್ಲಿ ಕಲಿಯೋಕೆ ಏನೂ ಇಲ್ಲ" ಎಂದು ಬರೆದು, ಅದರ ಬೆನ್ನಿಗೇ ಆ ಅಜ್ಜಿಯ ಮಾತನ್ನೂ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಸಂಕಟವಾಯಿತು. ಇಡೀ ಕಮ್ಯುನಿಟಿ ಹೆಲ್ತ್ ಆ ಒಂದು ಪ್ರಶ್ನೆಯಲ್ಲಿದೆ. ಅದು ನಿಮ್ಮ ಕಿವಿಗೆ ಬೈಗುಳವಾಗಿ ಕೇಳಿಸಿದೆ.

ನೀವು ಹೋಗಬೇಕೆಂದಿರುವ ಇಂಗ್ಲೆಂಡಿನಲ್ಲಿ ಈ ವಿದ್ಯೆ ಶುರುವಾದದ್ದೂ ಇಂಥದ್ದೇ ಪ್ರಶ್ನೆಯಿಂದ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾರಣ ಅಂತ ಡಾಕ್ಟರ್ ಜಾನ್ ಸ್ನೋ ಹೇಳಿದ್ದು ನಿಮ್ಮ ಪಠ್ಯದಲ್ಲೂ ಇರುತ್ತದೆ. ಹೆನ್ರಿ ವೈಟ್‌ಹೆಡ್ ಅನ್ನುವವರ ಹೆಸರು ಮಾತ್ರ ಜಾಸ್ತಿ ಕೇಳಿರಲಿಕ್ಕಿಲ್ಲ. ಅವರು ಡಾಕ್ಟರಲ್ಲ, ಆ ಬೀದಿಗಳ ಚರ್ಚಿನ ಕಿರಿಯ ಪಾದ್ರಿ. ಸ್ನೋ ಹೇಳಿದ್ದು ತಪ್ಪು ಅಂತ ತೋರಿಸಲು ಹೊರಟವರು. ಜನರ ಪರಿಚಯವಿತ್ತು, ಒಂದೇ ಮನೆಗೆ ನಾಲ್ಕು ಸಲ ಹೋದರೂ ಬಾಗಿಲು ತೆಗೆಯುತ್ತಿದ್ದರು. ಹಾಗೆ ಹೋಗಿ ಹೋಗಿ, ಪಂಪಿನ ಪಕ್ಕದ 40ನೇ ನಂಬರಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಭೇದಿಯಾಗಿದ್ದ ಒಂದು ಕೂಸಿನ ವಿಷಯ ತಿಳಿದುಕೊಂಡರು. ಕೂಸಿನ ಬಟ್ಟೆ ತೊಳೆದ ನೀರನ್ನು ತಾಯಿ ಚೆಲ್ಲುತ್ತಿದ್ದ ಗುಂಡಿ ಆ ಪಂಪಿನ ಬಾವಿಗೆ ಕೆಲವೇ ಅಡಿ ದೂರದಲ್ಲಿತ್ತು. ಸ್ನೋ ಹೇಳಿದ್ದು ಸರಿ ಅಂತ ಕೊನೆಗೆ ಅವರೇ ಒಪ್ಪಿದರು. ಆ ತಾಯಿ ಅವರ ಹತ್ತಿರ ಬಾಯಿ ಬಿಟ್ಟಳು, ಯಾಕೆಂದರೆ ಅವರು ಅವಳ ಬೀದಿಯವರು.

ಬಾಯಿ ಬಿಡಿಸುವುದು ಅಂದಾಗ ಒಂದು ನೆನಪು. ಕೆಲವು ವರ್ಷಗಳ ಹಿಂದೆ ನರ್ಸಿಂಗ್ ಹುಡುಗಿಯರ ಒಂದು ತಂಡದ ಜೊತೆ ಹಳ್ಳಿಗೆ ಹೋಗಿದ್ದೆ. ಒಬ್ಬಳು ಫಾರ್ಮ್ ನೋಡಿಕೊಂಡು "ವೈಟ್ ಡಿಸ್ಚಾರ್ಜ್ ಇದೆಯಾ?" ಅಂತ ಕೇಳಿದಳು. ಆ ಹೆಂಗಸು "ಇಲ್ಲ" ಅಂದಳು. ಹುಡುಗಿ ‘ಇಲ್ಲ’ ಅಂತ ಟಿಕ್ ಹಾಕಿದಳು. ಹಿಂದೆ ನಿಂತಿದ್ದ ಆಶಾ ಕಾರ್ಯಕರ್ತೆ ಮುಂದೆ ಬಂದು, ಪಕ್ಕ ಕೂತು, ದನಿ ತಗ್ಗಿಸಿ "ಬಿಳಿಸೆರಗು ಹೋಗ್ತದೇನವ್ವಾ?" ಅಂತ ಕೇಳಿದಳು. ಆ ಹೆಂಗಸು ಅರ್ಧ ಗಂಟೆ ಮಾತಾಡಿದಳು. ಎರಡು ವರ್ಷದಿಂದ ಯಾರ ಹತ್ತಿರವೂ ಹೇಳಿರಲಿಲ್ಲ. ಫಾರ್ಮಿನಲ್ಲಿ ಮಾತ್ರ ‘ಇಲ್ಲ’ ಅಂತಲೇ ಉಳಿಯಿತು, ಪೆನ್ನಿನಲ್ಲಿ ಬರೆದದ್ದಲ್ವಾ.

ನನ್ನ ಹೊಟ್ಟೆಯ ಉರಿ ಇದೇ. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ರೋಗದ ಹೆಸರು ಕಲಿಸುತ್ತೇವೆ. ಆ ರೋಗ ಬಂದವಳು ಅದನ್ನು ಏನಂತ ಕರೆಯುತ್ತಾಳೆ ಎಂದು ಒಂದು ದಿನವೂ ಹೇಳಿಕೊಡುವುದಿಲ್ಲ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅನ್ನುವ ಅತ್ತೆಗೆ ಏನು ಹೇಳಬೇಕು, ಯಾವ ಮಾತಿನಲ್ಲಿ ಹೇಳಿದರೆ ಆಕೆ ಮುನಿಸಿಕೊಳ್ಳದೆ ಒಂದು ತಂಬಿಗೆ ನೀರು ಕೊಟ್ಟಾಳು, ಇದು ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ಕಮ್ಯುನಿಟಿ ಪೋಸ್ಟಿಂಗ್ ಅಂದರೆ ವ್ಯಾನು, ಫಾರ್ಮು, ಬ್ಯಾನರ್ ಹಿಡಿದು ಒಂದು ಫೋಟೋ. ತಪ್ಪು ನಿಮ್ಮದಲ್ಲ ತಂಗಿ, ಹಾಗೆ ಕಲಿಸಿದವರದ್ದು.

ಬಾಂಗ್ಲಾದೇಶದಲ್ಲಿ ಬ್ರಾಕ್ ಎನ್ನುವ ಸ್ವಯಂಸೇವಾ ಸಂಸ್ಥೆಯವರು ಮಾಡಿದ್ದು ನೋಡಿ. 1980ರಿಂದ 10 ವರ್ಷ, 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೆಣ್ಣುಮಕ್ಕಳು ನಡೆದುಕೊಂಡು ಹೋಗಿ, ಭೇದಿಯಾದ ಮಗುವಿಗೆ ಕೊಡುವ ನೀರು ಮಾಡುವುದನ್ನು ತಾಯಂದಿರಿಗೆ ಕಲಿಸಿದರು. ಗ್ರಾಂ ಇಲ್ಲ, ಮಿಲಿಲೀಟರ್ ಇಲ್ಲ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಆಮೇಲೆ ಬೇರೆಯವರು ಬಂದು ತಾಯಿಗೆ ಎಷ್ಟು ನೆನಪಿದೆ ಅಂತ ನೋಡುತ್ತಿದ್ದರು, ಅದರ ಮೇಲೆ ಕಲಿಸಿದವಳ ಸಂಬಳ. ಇವತ್ತು ಪಬ್ಲಿಕ್ ಹೆಲ್ತ್ ಕಲಿಯಲು ಬೇರೆ ಬೇರೆ ದೇಶದವರು ಢಾಕಾಗೆ ಬರುತ್ತಾರೆ.

ಹೊರದೇಶ ಅಂದರೆ ಇಂಗ್ಲೆಂಡ್ ಒಂದೇ ಅಲ್ಲ, ಅಲ್ವಾ? ಥಾಯ್ಲೆಂಡಿನಲ್ಲಿ 10 ಲಕ್ಷಕ್ಕೂ ಹೆಚ್ಚು ಹಳ್ಳಿ ಆರೋಗ್ಯ ಸ್ವಯಂಸೇವಕರಿದ್ದಾರೆ, ಒಬ್ಬೊಬ್ಬರಿಗೆ ಹತ್ತು ಹದಿನೈದು ಮನೆ. ಬ್ಯಾಂಕಾಕ್ ಪಕ್ಕದ ಸಾಲಾಯಾದಲ್ಲಿ ಮಹಿಡೋಲ್ ವಿಶ್ವವಿದ್ಯಾಲಯ ಪ್ರಾಥಮಿಕ ಆರೋಗ್ಯ ನಿರ್ವಹಣೆಯ ಸ್ನಾತಕೋತ್ತರ ಕೋರ್ಸನ್ನು ಇಂಗ್ಲಿಷಿನಲ್ಲೇ ನಡೆಸುತ್ತದೆ. ಆ ದೇಶದಲ್ಲಿ ಸಂಗ್ವಾನ್ ಅಂತ ಒಬ್ಬ ಹುಡುಗಿ ಇದ್ದಳು, ಅಕ್ಕಸಾಲಿಗನ ಮಗಳು, ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವಳು. ನರ್ಸಿಂಗ್ ಓದಿ, 1917ರಲ್ಲಿ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋದಳು. ಅಲ್ಲಿ ಪಬ್ಲಿಕ್ ಹೆಲ್ತ್ ಓದುತ್ತಿದ್ದ ರಾಜಕುಮಾರ ಮಹಿಡೋಲ್‌ರ ಪರಿಚಯವಾಯಿತು, ಆಮೇಲೆ ಅವರನ್ನು ಮದುವೆಯಾದಳು, ಮುಂದೆ ಇಬ್ಬರು ರಾಜರ ತಾಯಿಯಾದಳು. ಆದರೆ ಬೆಟ್ಟದ ಜನ ಅವರನ್ನು ನೆನೆಯುವುದು ಅದಕ್ಕಲ್ಲ. ವಯಸ್ಸಾದ ಮೇಲೆ, 1969ರಲ್ಲಿ, ಡಾಕ್ಟರು ನರ್ಸುಗಳ ತಂಡ ಕಟ್ಟಿ ರಸ್ತೆಯಿಲ್ಲದ ಹಳ್ಳಿಗಳಿಗೆ ಹೆಲಿಕಾಪ್ಟರಿನಲ್ಲಿ ಇಳಿಯುತ್ತಿದ್ದರು. ಆಕಾಶದಿಂದ ಬಂದ ತಾಯಿ ಅಂತಲೇ ಜನ ಕರೆದರು.

ನಮ್ಮ ಪಕ್ಕದ ಮಹಾರಾಷ್ಟ್ರದ ಅರೋಳೆ ದಂಪತಿ, ರಜನಿಕಾಂತ್ ಮತ್ತು ಮೇಬೆಲ್, ಇಬ್ಬರೂ ಡಾಕ್ಟರು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಎಂ.ಪಿ.ಎಚ್. ಮಾಡಿದವರು. ಆದರೆ ಹೋಗುವ ಮೊದಲು ವಡಾಳಾ ಎನ್ನುವ ಹಳ್ಳಿಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದಿದ್ದರು. ವಾಸಿಯಾಗಿ ಹೋದವರೇ ಅದೇ ಕಾಯಿಲೆ ಹಿಡಿದು ಮತ್ತೆ ಬರುವುದನ್ನು ಕಂಡಿದ್ದರು. ಅದಕ್ಕೆ ಉತ್ತರ ಹುಡುಕಿಕೊಂಡೇ ಹೋದರು. 1970ರಲ್ಲಿ ಬರದ ನಾಡು ಜಾಮಖೇಡ್‌ಗೆ ಬಂದು, ಓದು ಬರಹ ಬಾರದ ಹೆಣ್ಣುಮಕ್ಕಳನ್ನೇ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡಿದರು. ಈಗ ಹೊರದೇಶದ ವಿದ್ಯಾರ್ಥಿಗಳು ಆ ಹೆಣ್ಣುಮಕ್ಕಳ ಹತ್ತಿರ ಕಲಿಯಲು ಬಂದು ಕೂರುತ್ತಾರೆ. ನಿಮ್ಮ ಊರಿನಿಂದ ಜಾಮಖೇಡ್‌ಗೆ ಹೋಗಲು ಪಾಸ್‌ಪೋರ್ಟ್ ಬೇಡ.

ಹಾಗಾಗಿ ನನ್ನ ಮಾತು ಇಷ್ಟೇ: ಹೋಗಿ, ಆದರೆ ಈಗ ಬೇಡ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಕೆಲಸವಿದೆ. ಗುತ್ತಿಗೆ ಕೆಲಸ, ಹೌದು. ಇಷ್ಟು ದೊಡ್ಡ ಹೊಣೆ ಕೊಟ್ಟು ಗುತ್ತಿಗೆಯಲ್ಲಿ ಇಡುವುದು ಅನ್ಯಾಯ, ಆ ಬಗ್ಗೆ ನಾವು ಇನ್ನೊಂದು ಸಲ ಜಗಳ ಮಾಡೋಣ. ಆದರೂ ಎರಡು ವರ್ಷ ಮಾಡಿ. ಬಿಪಿ ಗುಳಿಗೆ ಕೊಟ್ಟರೂ ಯಾಕೆ ನುಂಗುವುದಿಲ್ಲ, ಬಸುರಿ ಯಾಕೆ ಐದನೇ ತಿಂಗಳವರೆಗೆ ಹೇಳುವುದಿಲ್ಲ, ಇಂಥ ನಾಲ್ಕು ಪ್ರಶ್ನೆ ನಿಮ್ಮ ನಿದ್ದೆ ಕೆಡಿಸಲಿ. ಆಮೇಲೆ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ. ಬರೆಯೋಕೆ ನಿಮ್ಮ ಹತ್ತಿರ ವಿಷಯ ಇರುತ್ತದೆ, ಹೊಲ ಅಪ್ಪನ ಹತ್ತಿರವೇ ಇರುತ್ತದೆ.

ಏಜೆಂಟರಿಗೆ ಸದ್ಯಕ್ಕೆ ಒಂದು ರೂಪಾಯಿ ಕೊಡಬೇಡಿ. ಈ ಭಾನುವಾರ ಬಸ್ ಹತ್ತಿ ಆ ಅಜ್ಜಿಯ ಊರಿಗೆ ಹೋಗಿ ಬನ್ನಿ, ಫಾರ್ಮ್ ಇಲ್ಲದೆ. ಟ್ಯಾಂಕ್ ಕೊನೆಯ ಸಲ ಯಾವಾಗ ತೊಳೆದರು, ವಾಲ್ವ್ ಬಿಡುವ ನೀರುಗಂಟಿ ಯಾರು, ಪಂಚಾಯಿತಿಯಲ್ಲಿ ಯಾರನ್ನು ಕೇಳಬೇಕು, ಎಲ್ಲ ತಿಳಿದುಕೊಂಡು ನನಗೆ ಬರೆಯಿರಿ. ಆ ಪತ್ರವನ್ನೂ ಹಾಕುತ್ತೇನೆ, ಅಜ್ಜಿ ಒಪ್ಪಿದರೆ ಅವರ ಫೋಟೋ ಸಮೇತ.