ಮುನ್ನೂರು ರೂಪಾಯಿಯಲ್ಲಿ ನಾಣ್ಯ ಸಂಗ್ರಹ ಆಗುತ್ತದಾ?

ಪ್ರಶ್ನೆ: ನಾವಿರುವುದು ಕತ್ರಿಗುಪ್ಪೆಯಲ್ಲಿ. ಏಳನೇ ಕ್ಲಾಸಿನ ಮಗಳಿಗೆ ಅವಳ ಅಜ್ಜಿಯ ಬೀರುವಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ತೂತಿನ ಕಾಸು, ಅಲ್ಯೂಮಿನಿಯಂ ಪೈಸೆಗಳು, ನಾಲ್ಕಾಣೆ, ವೈಷ್ಣೋದೇವಿ ಚಿತ್ರದ ಐದು ರೂಪಾಯಿ, ಹೀಗೆ ನಲವತ್ತು ಚಿಲ್ಲರೆ ನಾಣ್ಯಗಳಿವೆ. ಅವತ್ತಿನಿಂದ ಅವಳಿಗೆ ಇದೇ ಹುಚ್ಚು. ತಿಂಗಳಿಗೆ ಮುನ್ನೂರು ರೂಪಾಯಿಗಿಂತ ಹೆಚ್ಚು ಕೊಡುವ ಸ್ಥಿತಿ ನಮ್ಮದಲ್ಲ. ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ನಿಜವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಲಕ್ಷದ ವಿಷಯ ಮೊದಲು ಮುಗಿಸಿಬಿಡೋಣ. ವೈಷ್ಣೋದೇವಿ ನಾಣ್ಯ 2012ರದ್ದು, ರಾಶಿ ರಾಶಿ ಟಂಕಿಸಿ ಚಲಾವಣೆಗೆ ಬಿಟ್ಟದ್ದು. ಅದಕ್ಕೆ ಲಕ್ಷ ಕೊಡುವವರು ಯಾರೂ ಇಲ್ಲ. ಲಕ್ಷ ಕೊಡುತ್ತೇವೆ ಎಂದು ಫೋನು ಮಾಡುವವರು ಮಾತ್ರ ಇದ್ದಾರೆ. ಮೊದಲು ನಾಣ್ಯದ ಫೋಟೋ ಕೇಳುತ್ತಾರೆ, ಆಮೇಲೆ ‘ರಿಜಿಸ್ಟ್ರೇಷನ್ ಫೀಸು’, ಆಮೇಲೆ ‘ಜಿಎಸ್‌ಟಿ’. ರಿಸರ್ವ್ ಬ್ಯಾಂಕಿನ ಹೆಸರಲ್ಲೇ ಈ ದಂಧೆ ನಡೆಯುತ್ತಿದೆಯೆಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಪಕ್ಕದ ಮನೆಯವರಿಗೂ ಹೇಳಿ.

ಇನ್ನು ನಿಮ್ಮ ಮುನ್ನೂರು. ಮೊದಲ ಎರಡು ತಿಂಗಳು ಒಂದು ನಾಣ್ಯವನ್ನೂ ಕೊಳ್ಳಬೇಡಿ. ಆ ದುಡ್ಡಲ್ಲಿ ಒಂದು ಒಳ್ಳೆಯ ಭೂತಗನ್ನಡಿ, ಒಂದು ನೋಟ್‌ಬುಕ್ ತನ್ನಿ. ಒಂದು ಸಣ್ಣ ಅಯಸ್ಕಾಂತವೂ ಬೇಕು. ಅದು ನಿಮ್ಮ ಫ್ರಿಡ್ಜಿನ ಬಾಗಿಲಲ್ಲೇ ಇರುತ್ತದೆ.

ಮನೆಯ ಚಿಲ್ಲರೆ ಡಬ್ಬಿಯಿಂದ ಎರಡು ರೂಪಾಯಿ ತೆಗೆದು, ಇಸವಿಯ ಕೆಳಗೆ ಭೂತಗನ್ನಡಿ ಹಿಡಿಯಲು ಮಗಳಿಗೆ ಹೇಳಿ. ಪುಟ್ಟ ವಜ್ರದ ಆಕಾರ ಕಂಡರೆ ಅದು ಮುಂಬೈ ಟಂಕಸಾಲೆಯದು, ಅಂದರೆ ಅಲ್ಲಿನ ನಾಣ್ಯ ಅಚ್ಚುಹಾಕುವ ಕಾರ್ಖಾನೆಯದು. ನಕ್ಷತ್ರ ಇದ್ದರೆ ಹೈದರಾಬಾದು, ಗುಂಡು ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನೋಟ್‌ಬುಕ್ಕಿನಲ್ಲಿ ಇಸವಿಗೆ ಒಂದು ಸಾಲು, ಟಂಕಸಾಲೆಗೆ ಒಂದು ಕಂಬ ಎಳೆದು, ಸಿಕ್ಕಿದ ಮನೆಗೆ ಟಿಕ್ ಹಾಕುತ್ತಾ ಹೋಗಲಿ. ಇದಕ್ಕೆ ಖರ್ಚೇ ಇಲ್ಲ. ಬ್ಯಾಂಕಿನಲ್ಲೋ ಪರಿಚಯದ ದಿನಸಿ ಅಂಗಡಿಯಲ್ಲೋ ಇನ್ನೂರು ರೂಪಾಯಿಗೆ ಚಿಲ್ಲರೆ ಕೇಳಿ ತನ್ನಿ, ಬೇಕಾದ್ದು ಆರಿಸಿಕೊಂಡು ಉಳಿದದ್ದನ್ನು ಹಾಲು ತರಕಾರಿಗೆ ಕೊಟ್ಟುಬಿಡಿ. ಫೋನಿನಲ್ಲಿ ಸ್ಕ್ಯಾನ್ ಮಾಡುವ ಈ ಕಾಲದಲ್ಲಿ ಬೆಂಗಳೂರಲ್ಲಿ ಚಿಲ್ಲರೆ ಕಾಣುವುದೇ ಅಪರೂಪ. ಚಿಲ್ಲರೆ ಇಲ್ಲವೆಂದು ಟಿಕೆಟ್ಟಿನ ಹಿಂದೆ ಬರೆದುಕೊಡುವ ಕಂಡಕ್ಟರನ್ನು ಕಂಡರೆ ನಮ್ಮಂಥ ಸಂಗ್ರಾಹಕರಿಗೆ ಎರಡು ಪಟ್ಟು ಸಂಕಟ.

ಹೀಗೆ ನೋಡುತ್ತಾ ಹೋದರೆ ಮಜಾ ಬರುವುದು ಹಳೆಯ ಒಂದು ರೂಪಾಯಿಗಳಲ್ಲಿ. 1985ರದ್ದು ಸಿಕ್ಕಿ ಇಸವಿಯ ಕೆಳಗೆ ಇಂಗ್ಲಿಷಿನ ‘ಎಚ್’ ಅಕ್ಷರ ಇದ್ದರೆ, ಅದು ನಮ್ಮ ದೇಶದಲ್ಲಿ ಟಂಕಿಸಿದ್ದೇ ಅಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯದು. ತೊಂಬತ್ತರ ದಶಕದ ಕೊನೆಯ ಕೆಲವು ರೂಪಾಯಿಗಳಲ್ಲಿ ‘ಎಂಕೆ’ ಎಂದಿರುತ್ತದೆ. ಅವು ಸ್ಲೊವಾಕಿಯಾದ ಕ್ರೆಮ್ನಿತ್ಸಾದಿಂದ ಬಂದವು. ಬೇಡಿಕೆಯಷ್ಟು ನಾಣ್ಯ ಇಲ್ಲಿ ತಯಾರಾಗದೆ ಸರ್ಕಾರ ಹೊರದೇಶದಲ್ಲಿ ಮಾಡಿಸಿ ತರಿಸಿತ್ತು. ಅಜ್ಜಿಯ ಡಬ್ಬಿಯಲ್ಲಿ ಇಂಥದ್ದು ಒಂದಾದರೂ ಇದ್ದೀತು.

ಅಯಸ್ಕಾಂತ ಯಾಕೆಂದರೆ, 1975ರಿಂದ 1991ರವರೆಗಿನ ದಪ್ಪ ರೂಪಾಯಿ ತಾಮ್ರ-ನಿಕ್ಕಲ್ ಮಿಶ್ರಣದ್ದು, ಅಂಟುವುದಿಲ್ಲ. ಆಮೇಲೆ ಬಂದ ಸಣ್ಣ ಸ್ಟೀಲ್ ರೂಪಾಯಿ ಟಕ್ಕನೆ ಅಂಟುತ್ತದೆ. ಮುಂದೆ ಕೊಳ್ಳುವಾಗ ಇದೇ ಉಪಾಯ ಕಾಪಾಡುತ್ತದೆ. 1947ರ ಹುಲಿ ಚಿತ್ರದ ರೂಪಾಯಿಯನ್ನು ‘ಬೆಳ್ಳಿ ಸಾರ್’ ಎಂದು ತೋರಿಸುವವರಿದ್ದಾರೆ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇದು ಶುದ್ಧ ನಿಕ್ಕಲ್, ಅಯಸ್ಕಾಂತ ಹಿಡಿದರೆ ಅಂಟಿ ಬಣ್ಣ ಬಯಲು. ವಿಕ್ಟೋರಿಯಾ ರಾಣಿಯ ರೂಪಾಯಿ ನಿಜವಾದ ಬೆಳ್ಳಿ, 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರ ಬೆಲೆ ಬೆಳ್ಳಿಯ ದರದ ಜೊತೆ ಏರಿಳಿಯುತ್ತಿರುತ್ತದೆ. ನಿಮ್ಮ ಬಜೆಟ್ಟಿಗೆ ಸದ್ಯ ಬೇಡ.

ಮೂರನೇ ತಿಂಗಳಿಂದ ಕೊಳ್ಳಬಹುದು, ಆದರೆ ಒಂದೇ ಒಂದು ವಿಷಯ ಹಿಡಿಯಿರಿ. ಎಲ್ಲ ದೇಶದ್ದೂ ಎಲ್ಲ ಕಾಲದ್ದೂ ಬೇಕೆಂದು ಹೊರಟರೆ ಮುನ್ನೂರಲ್ಲ, ಮೂರು ಸಾವಿರವೂ ಸಾಲದು. ನಾನಾಗಿದ್ದರೆ 1957ರಿಂದೀಚಿನ ಪೈಸೆಗಳನ್ನು ಹಿಡಿಯುತ್ತಿದ್ದೆ. ಆ ವರ್ಷ ಏಪ್ರಿಲ್ 1ರಂದು ಹದಿನಾರಾಣೆಯ ಲೆಕ್ಕ ಹೋಗಿ ನೂರು ‘ನಯಾ ಪೈಸೆ’ ಬಂತು. ಚೌಕದ್ದು, ಆರು ಮೂಲೆಯ ಮೂರು ಪೈಸೆ, ಅಂಚು ಅಲೆಅಲೆಯಾದ ಹತ್ತು ಪೈಸೆ, ಕಮಲದ ಚಿತ್ರದ ಹಳದಿ ಇಪ್ಪತ್ತು ಪೈಸೆ, ಹೀಗೆ ಬಗೆಬಗೆ ಆಕಾರ. 2011ರ ಜೂನ್ 30ರಂದು ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನವು ಚಲಾವಣೆಯಿಂದ ಹೋದವು. ಬಹುಪಾಲು ನಾಣ್ಯಗಳು ಒಂದು ಮಸಾಲೆ ದೋಸೆಯ ಬೆಲೆ ದಾಟುವುದಿಲ್ಲ. ಇಷ್ಟವಾದರೆ ಪಕ್ಕದಲ್ಲೇ ಸ್ಮರಣೆಯ ನಾಣ್ಯಗಳು: 1964ರ ನೆಹರೂ ಐವತ್ತು ಪೈಸೆ ಇಂಗ್ಲಿಷ್ ಬರಹದ್ದು ಒಂದು, ಹಿಂದಿಯದು ಒಂದು. 2006ರ ಬಸವೇಶ್ವರರ ಐದು ರೂಪಾಯಿಯಂತೂ ಕನ್ನಡದ ಮನೆಯಲ್ಲಿ ಇರಲೇಬೇಕು.

ಸ್ವಲ್ಪ ಪಳಗಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ‘ಮಯಿಲಿ ಕಾಸು’ ಹುಡುಕಿ. ಒಂದೇ ನಾಣ್ಯದಲ್ಲಿ ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಲಿಪಿ. ಸವೆದದ್ದಾದರೂ ಪರವಾಗಿಲ್ಲ, ಕನ್ನಡ ಅಕ್ಷರ ಬೆರಳಿಗೆ ತಾಕಿದರೆ ಸಾಕು.

ಎಲ್ಲಿ ಕೊಳ್ಳುವುದು? ನಾನು ಕಾಲೇಜಿನಲ್ಲಿದ್ದಾಗ ಮೆಜೆಸ್ಟಿಕ್ ಬಳಿಯ ಫುಟ್‌ಪಾತಿನಲ್ಲಿ ರಾಮ ಸೀತೆ ಹನುಮರ ಚಿತ್ರವಿದ್ದ, ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಕೆತ್ತಿದ ದಪ್ಪನೆಯದೊಂದನ್ನು ವಾರದ ಊಟದ ದುಡ್ಡು ಕೊಟ್ಟು ತಂದಿದ್ದೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇರಲಿಲ್ಲ. ಈಗಲೂ ಅವು ಬೀದಿಯಲ್ಲಿ ಮಾರಾಟಕ್ಕಿವೆ, ಅಕ್ಕಿಕಾಳನ್ನು ತನ್ನತ್ತ ಎಳೆಯುವ ಶಕ್ತಿ ಈ ನಾಣ್ಯಕ್ಕಿದೆ ಎಂಬ ‘ರೈಸ್ ಪುಲ್ಲರ್’ ಕಥೆ ಬೇರೆ ಸೇರಿಸುತ್ತಾರೆ. ಅದಕ್ಕೇ ಹೇಳುವುದು, ಫುಟ್‌ಪಾತಿನಲ್ಲಿ ನೋಡಿ, ಕೊಳ್ಳುವುದು ನಾಣ್ಯ ಪ್ರದರ್ಶನಗಳಲ್ಲಿ ಇರಲಿ. ಕೆ.ಜಿ. ರಸ್ತೆಯ ಶಿಕ್ಷಕರ ಸದನದಲ್ಲಿ ಅಂಥವು ನಡೆದಿವೆ. ಸಾಲು ಮೇಜುಗಳ ಮೇಲೆ ಒಂದೇ ನಾಣ್ಯದ ಬೆಲೆ ನಾಲ್ಕು ಕಡೆ ಕೇಳಬಹುದು. ಮಕ್ಕಳು ಬಂದರೆ ಹಳೆಯ ವ್ಯಾಪಾರಿಗಳು ಪೈಸೆಗಳ ರಾಶಿಯನ್ನೇ ಮುಂದಿಟ್ಟು ‘ಆರಿಸಿಕೋ ಮರಿ’ ಎನ್ನುವುದೂ ಉಂಟು.

ಪ್ರಶ್ನೆ: ಕಪ್ಪಾಗಿದ್ದ ತೂತಿನ ಕಾಸನ್ನು ನಮ್ಮತ್ತೆ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದಾರೆ. ಫಳಫಳ ಹೊಳೆಯುತ್ತಿದೆ. ಹಾಳಾಯಿತೇ?

ಉತ್ತರ: ಸಂಗ್ರಾಹಕರ ಲೆಕ್ಕದಲ್ಲಿ ಹೌದು. ಆ ಕಪ್ಪು ಕೊಳೆಯಲ್ಲ, ಲೋಹ ದಶಕಗಳ ಕಾಲ ಕಟ್ಟಿಕೊಂಡ ಹೊದಿಕೆ. ಉಜ್ಜಿದ ನಾಣ್ಯವನ್ನು ವ್ಯಾಪಾರಿ ದೂರದಿಂದಲೇ ಗುರುತಿಸಿ ಬೆಲೆ ಇಳಿಸುತ್ತಾನೆ. ಹುಣಸೆಹಣ್ಣು, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ಬೇಡ. ಮಣ್ಣು ಧೂಳು ಅಂಟಿದ್ದರೆ ಬರಿ ನೀರಲ್ಲಿ ನೆನೆಸಿ, ಉಜ್ಜದೆ ಮೆತ್ತನೆ ಬಟ್ಟೆಯ ಮೇಲೆ ಒಣಗಲು ಬಿಡಿ. ಮೆತ್ತಗಿರುವ ಅಗ್ಗದ ಪಿವಿಸಿ ಪ್ಲಾಸ್ಟಿಕ್ ಆಲ್ಬಂ ಕೂಡ ಬೇಡ, ಕೆಲ ವರ್ಷಗಳಲ್ಲಿ ತಾಮ್ರದ ಮೇಲೆ ಹಸಿರು ಅಂಟು ಬಿಡುತ್ತದೆ. ನಡುವೆ ಪಾರದರ್ಶಕ ಹಾಳೆಯಿರುವ ಚೌಕದ ರಟ್ಟಿನ ಹೋಲ್ಡರುಗಳು ಸಿಗುತ್ತವೆ, ಅವನ್ನು ತನ್ನಿ.

ಅತ್ತೆಯವರಿಗೆ ಏನೂ ಅನ್ನಬೇಡಿ. 1943ರಿಂದ 47ರವರೆಗೆ ಬಂದ ಆ ತೂತಿನ ಕಾಸು ಇನ್ನೂ ಬೇಕಾದಷ್ಟು ಸಿಗುತ್ತದೆ, ಯುದ್ಧಕಾಲದಲ್ಲಿ ತಾಮ್ರ ಉಳಿಸಲು ತೂತು ಮಾಡಿದ್ದು. ಇನ್ನೊಂದು ಕಪ್ಪಗಿರುವುದನ್ನು ತಂದು ಪಕ್ಕಪಕ್ಕ ಇಡಿ. ಅರವತ್ತನಾಲ್ಕು ಕೂಡಿದರೆ ಒಂದು ರೂಪಾಯಿ ಆಗುತ್ತಿದ್ದ ಕಾಲದಲ್ಲಿ ಅದಕ್ಕೆ ಏನೇನು ಸಿಗುತ್ತಿತ್ತು ಎಂದು ಅವರ ಅಮ್ಮನವರು ಏನಾದರೂ ಹೇಳಿದ್ದರೆ, ಮಗಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.