ಬಿಎ ಮಹಿಳಾ ಅಧ್ಯಯನ: ಪಟ್ಟಿಯಲ್ಲಿ ಯಾಕೆ ಕಾಣುತ್ತಿಲ್ಲ?

ಪಿಯುಸಿ ಮುಗಿಸಿದ ತಂಗಿಗೆ ‘ಬಿಎ ಮಹಿಳಾ ಅಧ್ಯಯನ’ ಯಾವ ಕಾಲೇಜಿನಲ್ಲೂ ಸಿಗುತ್ತಿಲ್ಲ ಅಂದಿದ್ದೀರಿ. ಬಹುಶಃ ನೀವು ಪದವಿಯ ಹೆಸರಲ್ಲಿ ಹುಡುಕುತ್ತಿದ್ದೀರಿ. ನಮ್ಮಲ್ಲಿ ಬಿಎ ಅಂದರೆ ಮೂರು ಐಚ್ಛಿಕ ವಿಷಯಗಳ ಕಾಂಬಿನೇಷನ್. ಮಹಿಳಾ ಅಧ್ಯಯನ ಅದರಲ್ಲಿ ಒಂದಾಗಿ ಬರುತ್ತದೆ, ಅದೂ ಕೆಲವೇ ಕಾಲೇಜುಗಳಲ್ಲಿ.

ಮೊದಲು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ವಿಚಾರಿಸಿ. ವೆಬ್‌ಸೈಟ್ ನಂಬಬೇಡಿ, ಫೋನ್ ಮಾಡಿ. ಒಂದೇ ಪ್ರಶ್ನೆ ಸಾಕು: “ಕಳೆದ ವರ್ಷ ಈ ವಿಷಯಕ್ಕೆ ಎಷ್ಟು ಜನ ಸೇರಿದ್ದರು?” ಹಾಳೆಯ ಮೇಲೆ ಕಾಂಬಿನೇಷನ್ ಇದ್ದು, ಮಕ್ಕಳು ಸಾಲದೆ ತರಗತಿಯೇ ನಡೆಯದ್ದನ್ನು ಕಂಡಿದ್ದೇನೆ.

ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸಮಾಜಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ ತೆಗೆದುಕೊಂಡು ಎಂಎಗೆ ಈ ಕಡೆ ತಿರುಗಬಹುದು. ನನ್ನ ಕೇಳಿದರೆ ಇದೇ ಗಟ್ಟಿ ದಾರಿ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ದೂರಶಿಕ್ಷಣದ ಎಂಎ ಇದೆ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲೂ ಮಹಿಳಾ ಅಧ್ಯಯನ ಪ್ರತ್ಯೇಕ ವಿಷಯ, ಹಾಗಾಗಿ ಅಧ್ಯಾಪಕಿಯಾಗುವ ಆಸೆಯಿದ್ದರೆ ಎಂಎಯಲ್ಲಿ 55% ದಾಟುವುದು ಮುಖ್ಯ (ಎಸ್‌ಸಿ, ಎಸ್‌ಟಿ, ಒಬಿಸಿಯಂಥ ಮೀಸಲಾತಿ ಇದ್ದರೆ 50%).

ಬಿ.ಎಡ್ ಯೋಚನೆಯೂ ಇದೆಯಾ? ಹಾಗಾದರೆ ಮೂರರಲ್ಲಿ ಎರಡು ಶಾಲೆಯಲ್ಲಿ ಕಲಿಸುವ ವಿಷಯಗಳೇ ಇರಲಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೌಕರಿಗೆ ಈ ಪದವಿ ಎಷ್ಟು ನೆರವಾಗುತ್ತದೆ ಅನ್ನುವುದು ಹುದ್ದೆಯಿಂದ ಹುದ್ದೆಗೆ ಬೇರೆ. ಹಳೆಯ ಅಧಿಸೂಚನೆ ತೆರೆದು ವಿದ್ಯಾರ್ಹತೆ ಕಾಲಂ ಓದಿ, ಆಮೇಲೆ ಫೀಸು ಕಟ್ಟಿ.